ತಿರುವಿನ ನಡುವೆ ಹಿಂಭಾಗ ಜಾರಿದರೆ: ಹಳೆಯ ಮಿಯಾಟಾದ ಸಸ್ಪೆನ್ಷನ್ ದೋಷ ಹುಡುಕಿದ ಬಗೆ

ದೋಷ ಇಷ್ಟು. ಬಲಕ್ಕೆ ಬಾಗುವ ಉದ್ದನೆಯ ತಿರುವು. ಕಾರು ಒಳಹೋಗುವಾಗ ತುಸು ಚುರುಕೆನಿಸಿದರೂ ಮಾತು ಕೇಳುತ್ತದೆ. ನಡುವಿಗೆ ಬಂದು, ಸ್ಟೀರಿಂಗ್ ಒಂದೇ ಕೋನದಲ್ಲಿ ನಿಂತು, ಕಾಲು ಆಕ್ಸಿಲರೇಟರ್ ಮೇಲೆ ಹಗುರವಾಗಿರುವಾಗ ಹಿಂಭಾಗ ಹೊರಕ್ಕೆ ಜಾರುತ್ತದೆ. ಮೆಲ್ಲಗೆ ಜಾರಿದರೆ ಕೈ ಅದನ್ನು ಹಿಡಿಯುತ್ತದೆ. ಇದು ಮೆಲ್ಲಗೆ ಜಾರುವುದಲ್ಲ, ಯಾರೋ ಹಿಂದಿನಿಂದ ಒದ್ದ ಹಾಗೆ. ಎಡ ತಿರುವುಗಳಲ್ಲಿಯೂ ಆಗುತ್ತಿತ್ತು, ಆದರೆ ಅಪರೂಪಕ್ಕೆ.

ಕಾರು 1994ರ ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಇದನ್ನು ಎಲ್ಲರೂ ಮಿಯಾಟಾ ಎಂದೇ ಕರೆಯುತ್ತಾರೆ. 1989ರಲ್ಲಿ ಬಂದ ಮೊದಲ ಪೀಳಿಗೆಯದು, ತೂಕ ಸುಮಾರು 1,000 ಕಿಲೋ, ಎಂಜಿನ್ ಮುಂದೆ, ಹಿಂದಿನ ಚಕ್ರಗಳಿಗೆ ಚಾಲನೆ, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಸಸ್ಪೆನ್ಷನ್). ಇಂಥ ಕಾರು ಹುಟ್ಟಿರುವುದೇ ತಿರುವುಗಳಿಗಾಗಿ. ಅದು ಒಮ್ಮಿಂದೊಮ್ಮೆಲೇ ಜಾರುತ್ತದೆ ಎಂದರೆ ವಿನ್ಯಾಸದಲ್ಲಿ ತಪ್ಪು ಹುಡುಕುವ ಮೊದಲು, ನಡುವೆ ಬಂದ ಕೈಗಳು ಏನು ಮಾಡಿವೆ ಎಂದು ನೋಡಬೇಕು. ನಾನು ಇದನ್ನು ಮಿಷಿಗನ್‌ನಲ್ಲಿ ಮೂರನೆಯ ಒಡೆಯನಾಗಿ ಕೊಂಡೆ. ಹಿಂದಿನವರು ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಜೋಡಣೆ) ಹಾಕಿ, ನೋಟಕ್ಕಾಗಿ ಕಾರನ್ನು ನೆಲಕ್ಕೆ ಇಳಿಸಿದ್ದರು. ನಾನು ಅದನ್ನು ಓಡಿಸುವುದು ಸೌತ್ ಹೇವನ್ ಬಳಿಯ ಜಿಂಜರ್‌ಮನ್ ರೇಸ್‌ವೇಯಲ್ಲಿ, ವರ್ಷಕ್ಕೆ ನಾಲ್ಕೈದು ದಿನ.

ಕೇಳಿದವರೆಲ್ಲ ಒಂದೊಂದು ಭಾಗ ಕೊಳ್ಳಲು ಹೇಳಿದರು. ಮೆತ್ತಗಿನ ಹಿಂದಿನ ಸ್ಪ್ರಿಂಗ್, ದಪ್ಪನೆಯ ಮುಂದಿನ ಆಂಟಿ ರೋಲ್ ಬಾರ್ (ಮೈ ವಾಲುವುದನ್ನು ತಡೆಯಲು ಎಡ–ಬಲ ಚಕ್ರಗಳನ್ನು ಜೋಡಿಸುವ ಸರಳು), ಅಗಲದ ಟೈರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಕೆಟ್ಟಿರುವ ಕಾರನ್ನು ಟ್ಯೂನ್ ಮಾಡಲು ಬರುವುದಿಲ್ಲ. ಮೊದಲು ಕೆಟ್ಟದ್ದನ್ನು ಕಂಡುಹಿಡಿಯಬೇಕು, ಟ್ಯೂನಿಂಗ್ ಆಮೇಲೆ. ಈ ಬರಹ ಪೂರ್ತಿ ಆ ಮೊದಲ ಕೆಲಸದ್ದು. ಟ್ಯೂನಿಂಗ್‌ಗೆ ಕೊನೆಯಲ್ಲಿ ಸ್ವಲ್ಪ ಜಾಗ ಇಟ್ಟಿದ್ದೇನೆ.

ದೋಷಕ್ಕೆ ಸರಿಯಾದ ಹೆಸರು ಕೊಡಿ

"ಕಾರು ತಿರುಗುವುದಿಲ್ಲ", "ಕಾರು ಜಾರುತ್ತದೆ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಮುಂಭಾಗ ಹೊರಕ್ಕೆ ಹೋಗುವುದು ಅಂಡರ್‌ಸ್ಟಿಯರ್, ಹಿಂಭಾಗ ಹೊರಕ್ಕೆ ಹೋಗುವುದು ಓವರ್‌ಸ್ಟಿಯರ್, ಇದು ಎಲ್ಲರಿಗೂ ಗೊತ್ತು. ಅದು ತಿರುವಿನ ಯಾವ ಘಟ್ಟದಲ್ಲಿ ಆಗುತ್ತದೆ ಎಂಬುದನ್ನು ಮಾತ್ರ ಬಹಳ ಜನ ಗಮನಿಸುವುದಿಲ್ಲ.

ಬ್ರೇಕ್ ಬಿಟ್ಟು ಸ್ಟೀರಿಂಗ್ ತಿರುಗಿಸುವ ಗಳಿಗೆಯಲ್ಲಿ ಆದರೆ ಬ್ರೇಕ್ ಹಿಡಿದ ರೀತಿ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿದ ಕೋನ), ಶಾಕ್ ಅಬ್ಸಾರ್ಬರ್‌ನ ಬಿಗಿತ ಇವುಗಳ ಮೇಲೆ ಅನುಮಾನ ಪಡಿ. ಶಾಕ್ ಕೆಲಸ ಮಾಡುವುದು ಅದು ಚಲಿಸುತ್ತಿರುವಾಗ ಮಾತ್ರ. ಕಾರಿನ ಮೈ ವಾಲಿ ಒಂದು ಕಡೆ ಸ್ಥಿರವಾದ ಮೇಲೆ ಅದಕ್ಕೆ ಹೇಳುವುದೇನೂ ಉಳಿಯುವುದಿಲ್ಲ. ಹಾಗಾಗಿ ಮೈ ಸ್ಥಿರವಾದ ನಡುಘಟ್ಟದಲ್ಲಿ ದೋಷ ಕಂಡರೆ ಕಾರಣ ಸ್ಪ್ರಿಂಗ್, ಆಂಟಿ ರೋಲ್ ಬಾರ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿದ ಕೋನ), ಟೈರು ಅಥವಾ ಶಾಕ್ ಕುಗ್ಗುವುದಕ್ಕೆ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗಳಲ್ಲಿರುತ್ತದೆ. ಹೊರಬರುವಾಗ, ಆಕ್ಸಿಲರೇಟರ್ ಒತ್ತಿದ ಮೇಲೆ ಆದರೆ ನಿಮ್ಮ ಕಾಲನ್ನೂ, ಎಂಜಿನ್ನಿನ ಬಲವನ್ನು ಎಡ–ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಅನ್ನೂ ನೋಡಬೇಕು.

ಎರಡನೆಯ ಪ್ರಶ್ನೆ: ಎಡಕ್ಕೂ ಬಲಕ್ಕೂ ಒಂದೇ ಸಮನೆ ಆಗುತ್ತದೆಯೇ? ಸಮನಾಗಿ ಆದರೆ ಅದು ಹೊಂದಾಣಿಕೆಯ ವಿಷಯ. ಒಂದೇ ಕಡೆ ಹೆಚ್ಚಾದರೆ ಏನೋ ಬಾಗಿದೆ, ಸವೆದಿದೆ, ಇಲ್ಲವೇ ಒಂದು ಚಕ್ರ ತಪ್ಪು ದಿಕ್ಕು ನೋಡುತ್ತಿದೆ. ಸಮ್ಮಿತಿಯಿರುವ ಕಾರು ಸಮ್ಮಿತಿಯಿಂದಲೇ ತಪ್ಪು ಮಾಡುತ್ತದೆ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು ಹೀಗಿತ್ತು: ನಡುಘಟ್ಟ, ಓವರ್‌ಸ್ಟಿಯರ್, ಬಲ ತಿರುವಿನಲ್ಲಿ ಹೆಚ್ಚು, ರಸ್ತೆಯ ಉಬ್ಬಿನ ಮೇಲೆ ಇನ್ನೂ ಹೆಚ್ಚು, ಆರಂಭ ಹಠಾತ್. ಈ ಒಂದು ಸಾಲು ಬರೆಯಲು ಎರಡು ದಿನದ ಓಟ ಬೇಕಾಯಿತು. ಉತ್ತರ ಅದರಲ್ಲೇ ಇತ್ತು. ಓದಲು ನನಗೆ ಮತ್ತೂ ಒಂದು ತಿಂಗಳು ಹಿಡಿಯಿತು.

ಈ ಪರೀಕ್ಷೆಗಳನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡಬೇಡಿ. ಜಾರಿದರೆ ಹೋಗಲು ಬಯಲಿರುವ ಟ್ರ್ಯಾಕ್ ಬೇಕು, ಅಥವಾ ಅನುಮತಿ ಪಡೆದ ಖಾಲಿ ಮೈದಾನ.

ಟೈರು ಮತ್ತು ಗಾಳಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರು ಒಂದೇ ಮಾದರಿ, ಹೆಚ್ಚುಕಡಿಮೆ ಒಂದೇ ವಯಸ್ಸು ಇರಬೇಕು. ಹಿಂದೆ ಹಳೆಯದು, ಮುಂದೆ ಹೊಸದು ಇದ್ದರೆ ಅಲ್ಲಿಗೇ ನಿಲ್ಲಿಸಿ, ಅದೇ ನಿಮ್ಮ ಓವರ್‌ಸ್ಟಿಯರ್.

ಈ ಕಾರಿಗೆ ಕಂಪನಿ ಹೇಳುವ ಗಾಳಿ 26 ಪಿಎಸ್‌ಐ, ತಣ್ಣಗಿರುವಾಗ. ಟ್ರ್ಯಾಕಿನಲ್ಲಿ ಬಿಸಿಯಾದಂತೆ ಒತ್ತಡ ಏರುತ್ತದೆ, ಆದ್ದರಿಂದ ಅಳೆಯಬೇಕಾದದ್ದು ಓಟ ಮುಗಿಸಿ ಬಂದ ತಕ್ಷಣ. ಟೈರಿನ ಭುಜಕ್ಕೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಓಡಿಸಿ ನೋಡಿ. ಸುಣ್ಣ ಪಕ್ಕೆಯವರೆಗೂ ಅಳಿಸಿದ್ದರೆ ಟೈರು ಮಗುಚಿಕೊಂಡು ಓಡುತ್ತಿದೆ, ಗಾಳಿ ಸಾಲದು ಅಥವಾ ಕ್ಯಾಂಬರ್ ಸಾಲದು. ಸೂಜಿ ಚುಚ್ಚಿ ಅಳೆಯುವ ಉಷ್ಣಮಾಪಕವಿದ್ದರೆ ಒಳಅಂಚು, ನಡು, ಹೊರಅಂಚು ಮೂರೂ ಕಡೆ ನೋಡಿ. ನಡು ಮಾತ್ರ ಹೆಚ್ಚು ಬಿಸಿಯಿದ್ದರೆ ಗಾಳಿ ಜಾಸ್ತಿ. ಹೊರಅಂಚು ಹೆಚ್ಚು ಬಿಸಿಯಿದ್ದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಕಡಿಮೆ. ಒಳಅಂಚು ತುಸು ಬೆಚ್ಚಗಿದ್ದರೆ ಅದು ಆರೋಗ್ಯ. ನನ್ನ ಕಾರಿನ ಟೈರುಗಳು ಈ ಪರೀಕ್ಷೆಯಲ್ಲಿ ಪಾಸಾದವು.

ಸಡಿಲ ಎಲ್ಲಿದೆ

ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ–ಬಲ ಹಿಡಿದು ಅಲುಗಿಸಿದಾಗ ಮುಂದಿನ ಚಕ್ರ ಮಾತ್ರ ಆಡಿದರೆ ಟೈ ರಾಡ್. ಆಮೇಲೆ ಸನ್ನೆಕೋಲನ್ನು ಬುಷ್‌ಗಳ (ತೋಳುಗಳ ಕೀಲಿನಲ್ಲಿರುವ ರಬ್ಬರ್ ಕೊಳವೆಗಳ) ಬಳಿ ತೂರಿಸಿ ಮೀಟಿ. ರಬ್ಬರ್ ಸ್ವಲ್ಪ ಬಾಗುವುದು ಸಹಜ. ಲೋಹಕ್ಕೆ ಲೋಹ ತಾಗಿದ ಸದ್ದು ಬಂದರೆ ಬುಷ್ ಮುಗಿದಿದೆ. ಶಾಕ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಿ. ಕಾರಿನ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಹಳೆಯ ಪರೀಕ್ಷೆಯಿಂದ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರೆಜೀವದ್ದು ತಪ್ಪಿಸಿಕೊಳ್ಳುತ್ತದೆ.

ಆಂಟಿ ರೋಲ್ ಬಾರಿನ ಕೊಂಡಿಗಳನ್ನೂ ನೋಡಿ. ಚಾಲಕ ಕುಳಿತು, ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಬಾರ್ ಯಾವ ಕಡೆಗೂ ತಿರುಚಿಕೊಂಡಿರಬಾರದು. ತಿರುಚಿಕೊಂಡಿದ್ದರೆ ಕಾರು ನಿಂತಲ್ಲೇ ಒಂದು ಚಕ್ರವನ್ನು ಹೆಚ್ಚು ಒತ್ತುತ್ತಿರುತ್ತದೆ, ಎಡ–ಬಲ ತಿರುವುಗಳ ಸ್ವಭಾವ ಬೇರೆಯಾಗುತ್ತದೆ.

ದಾರ ಕಟ್ಟಿ ಅಳೆದಾಗ

ಹೋದ ವರ್ಷವಷ್ಟೇ ಒಂದು ಗ್ಯಾರೇಜಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ಕೊಟ್ಟ ಚೀಟಿಯಲ್ಲಿ ಮೂರು ಚಕ್ರಗಳ ಅಂಕಿಗಳು ಹಸಿರು, ಹಿಂದಿನ ಎಡ ಚಕ್ರದ ಟೋ ಕೆಂಪು. ಕೆಳಗೆ ಸಣ್ಣ ಅಕ್ಷರದಲ್ಲಿ "ಸಾಧ್ಯವಾದಷ್ಟು ಹೊಂದಿಸಲಾಗಿದೆ" ಎಂಬರ್ಥದ ಸಾಲು. ಹಣ ಪೂರ್ತಿ ತೆಗೆದುಕೊಂಡರು, ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ನಾನು ಚೀಟಿಯನ್ನು ಮಡಚಿ ಡ್ರಾಯರಿಗೆ ಹಾಕಿಬಿಟ್ಟಿದ್ದೆ.

ಅಲೈನ್‌ಮೆಂಟ್ ಯಂತ್ರ ಇಲ್ಲದೆಯೂ ಟೋ ಅಳೆಯಬಹುದು. ಕಾರಿನ ಎರಡೂ ಪಕ್ಕದಲ್ಲಿ ಚಕ್ರದ ನಡುಮಟ್ಟಕ್ಕೆ ಮೀನು ಹಿಡಿಯುವ ದಾರವನ್ನು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿ. ದಾರ ಕಾರಿನ ನಡುಗೆರೆಗೆ ಸಮಾನಾಂತರವಾಗಿರಬೇಕು. ಮಿಯಾಟಾದಲ್ಲಿ ಎಡವುವುದು ಇಲ್ಲೇ. ಹಿಂದಿನ ಚಕ್ರಗಳ ನಡುವಿನ ಅಗಲ ಮುಂದಿನದಕ್ಕಿಂತ ಸುಮಾರು 2 ಸೆಂ.ಮೀ. ಹೆಚ್ಚು. ಆದ್ದರಿಂದ ದಾರದಿಂದ ಹಿಂದಿನ ಚಕ್ರದ ನಡುಬಿಂದುವಿಗೆ ಇರುವ ದೂರ, ಮುಂದಿನದಕ್ಕಿಂತ ಪ್ರತಿ ಪಕ್ಕಕ್ಕೆ ಸುಮಾರು 1 ಸೆಂ.ಮೀ. ಕಡಿಮೆ ಬರುವ ಹಾಗೆ ದಾರವನ್ನು ಸರಿಸಬೇಕು. ಎರಡನ್ನೂ ಸಮ ಮಾಡಿದರೆ ಇಡೀ ಲೆಕ್ಕ ಓರೆಯಾಗುತ್ತದೆ. ಆಮೇಲೆ ಉಕ್ಕಿನ ಸ್ಕೇಲಿನಿಂದ ದಾರಕ್ಕೂ ರಿಮ್ಮಿನ ಮುಂದಿನ ಅಂಚಿಗೂ, ದಾರಕ್ಕೂ ಹಿಂದಿನ ಅಂಚಿಗೂ ಇರುವ ದೂರ ಅಳೆಯಿರಿ. 14 ಇಂಚಿನ ರಿಮ್ಮಿನಲ್ಲಿ ಅಂಚಿನಿಂದ ಅಂಚಿಗೆ ಸುಮಾರು 380 ಮಿ.ಮೀ. ಇರುವುದರಿಂದ 1 ಮಿ.ಮೀ. ವ್ಯತ್ಯಾಸ ಎಂದರೆ ಸುಮಾರು 0.15 ಡಿಗ್ರಿ.

ನನ್ನ ಹಿಂದಿನ ಎಡ ಚಕ್ರದ ಮುಂದಿನ ಅಂಚು 2 ಮಿ.ಮೀ. ಹೊರಕ್ಕಿತ್ತು. ಅಂದರೆ 0.3 ಡಿಗ್ರಿ ಟೋ ಔಟ್. ಬಲ ತಿರುವಿನಲ್ಲಿ ಭಾರ ಹೊರುವುದು ಎಡ ಚಕ್ರಗಳು. ಹೆಚ್ಚು ಭಾರ ಹೊತ್ತ ಹಿಂದಿನ ಚಕ್ರವೇ ತಿರುವಿನ ಹೊರಗಡೆ ಮುಖ ಮಾಡಿದ್ದರೆ ಅದು ಹಿಂಭಾಗವನ್ನು ಹೊರಕ್ಕೆ ಎಳೆದೊಯ್ಯುತ್ತದೆ. ಬಲ ತಿರುವಿನಲ್ಲೇ ಏಕೆ ಹೆಚ್ಚು ಎಂಬುದಕ್ಕೆ ಉತ್ತರ ಸಿಕ್ಕಿತು.

ಸರಿಪಡಿಸುವುದು ಸುಲಭವಿರಬೇಕಿತ್ತು. ಹಿಂದಿನ ಕೆಳತೋಳಿನ ಒಳತುದಿಯಲ್ಲಿ ಎರಡು ಕ್ಯಾಮ್ ಬೋಲ್ಟುಗಳಿವೆ. ಬೋಲ್ಟಿನ ತಲೆಗೆ ಅಂಟಿದ ಬಿಲ್ಲೆ ನಡುತಪ್ಪಿದ್ದು, ತಿರುಗಿಸಿದರೆ ತೋಳು ಒಳಕ್ಕೋ ಹೊರಕ್ಕೋ ಸರಿಯುತ್ತದೆ. ನಟ್ಟು ಸಡಿಲಿಸಿ ಬೋಲ್ಟನ್ನು ತಿರುಗಿಸಿದೆ. ತಿರುಗಿತು. ಗುರುತು ಎರಡು ಗೆರೆ ದಾಟಿತು. ಸ್ಪ್ಯಾನರ್ ಬಿಟ್ಟ ಕೂಡಲೇ ಬೋಲ್ಟು ತಾನಾಗಿ ಹಿಂದಕ್ಕೆ ಬಂದು ಮೊದಲಿನ ಗೆರೆಯಲ್ಲೇ ನಿಂತಿತು. ಟಾರ್ಚ್ ಹಿಡಿದು ನೋಡುತ್ತ ಮತ್ತೆ ತಿರುಗಿಸಿದೆ. ಬುಷ್‌ನ ರಬ್ಬರು ಒಗೆದ ಬಟ್ಟೆ ಹಿಂಡಿದ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು, ಬಿಟ್ಟಾಗ ಬಿಚ್ಚಿಕೊಳ್ಳುತ್ತಿತ್ತು. ಬೋಲ್ಟು ಬುಷ್‌ನ ಒಳಕೊಳವೆಗೆ ತುಕ್ಕು ಹಿಡಿದು ಒಂದಾಗಿತ್ತು. ಮಿಷಿಗನ್‌ನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಳೆಯ ಮಿಯಾಟಾಗಳಲ್ಲಿ ಈ ಬೋಲ್ಟು ಕಚ್ಚಿಕೊಳ್ಳುವುದು ಇಲ್ಲಿ ಮನೆಮಾತು. ಕಡಲ ಗಾಳಿಗೆ ನಿಂತ ಕಾರುಗಳ ಕಥೆಯೂ ಇದೇ, ಮಂಗಳೂರು ಕಾರವಾರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರು ದಿನ ತುಕ್ಕು ಸಡಿಲಿಸುವ ಎಣ್ಣೆ ಹಾಕಿದೆ, ಬಿಸಿ ಮಾಡಿದೆ, ಸುತ್ತಿಗೆಯಿಂದ ತಟ್ಟಿದೆ. ಜಗ್ಗಲಿಲ್ಲ. ಕೊನೆಗೆ ವಿದ್ಯುತ್ ಗರಗಸದ ಅಲಗನ್ನು ಬುಷ್‌ಗೂ ಅದು ಕುಳಿತ ಚೌಕಟ್ಟಿಗೂ ನಡುವೆ ತೂರಿಸಿ, ಬೋಲ್ಟನ್ನು ಎರಡು ಕಡೆ ಕತ್ತರಿಸಿ ತೋಳನ್ನು ಇಳಿಸಬೇಕಾಯಿತು. ಹೊಸ ಬೋಲ್ಟು, ಹೊಸ ಬುಷ್, ಬೋಲ್ಟಿಗೆ ತುಕ್ಕು ಕಚ್ಚದಂತೆ ಗ್ರೀಸ್. ಮರುಜೋಡಣೆಯಲ್ಲಿ ಒಂದು ಮಾತು ನೆನಪಿಡಿ: ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಅಂತಿಮವಾಗಿ ಬಿಗಿಯಬೇಡಿ. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದಾಗ ರಬ್ಬರು ಸದಾ ತಿರುಚಿಕೊಂಡಿರುತ್ತದೆ, ತಾನೇ ಒಂದು ಸ್ಪ್ರಿಂಗಿನಂತೆ ಮೈಯನ್ನು ಎತ್ತುತ್ತದೆ, ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಸ್ಥಿತಿಯಲ್ಲೇ ಕೊನೆಯ ಬಿಗಿತ.

ಅರ್ಧ ಮಾತ್ರ ಹೋಯಿತು

ಟೋ ಸರಿಪಡಿಸಿ ಟ್ರ್ಯಾಕಿಗೆ ಹೋದೆ. ಎಡ–ಬಲದ ವ್ಯತ್ಯಾಸ ಮಾಯವಾಗಿತ್ತು, ತಿರುವಿಗೆ ಒಳಹೋಗುವಾಗಿನ ಅತಿ ಚುರುಕೂ ಇರಲಿಲ್ಲ. ಆದರೆ ನಡುಘಟ್ಟದ ಒದೆತ ಹಾಗೇ ಇತ್ತು, ಈಗ ಎರಡೂ ಕಡೆ ಸಮನಾಗಿ. ಒಂದರ ಮೇಲೊಂದು ಎರಡು ದೋಷಗಳು ಕುಳಿತಿದ್ದವು. ಒಂದೊಂದೇ ಬದಲಾವಣೆ ಮಾಡಿ ನೋಡಬೇಕೆನ್ನುವುದು ಇದಕ್ಕೇ. ಟೋ ಜೊತೆಗೆ ಹೊಸ ಸ್ಪ್ರಿಂಗನ್ನೂ ಹಾಕಿದ್ದರೆ ಯಾವುದು ಯಾವುದನ್ನು ಬದಲಿಸಿತು ಎಂದು ಎಂದಿಗೂ ತಿಳಿಯುತ್ತಿರಲಿಲ್ಲ.

ಟಿಪ್ಪಣಿಯಲ್ಲಿ ಉಳಿದ ಪದಗಳು ಮೂರು: ನಡುಘಟ್ಟ, ಉಬ್ಬು, ಹಠಾತ್. ಸ್ಪ್ರಿಂಗ್ ಹಠಾತ್ತಾಗಿ ಏನನ್ನೂ ಮಾಡುವುದಿಲ್ಲ, ಅದು ಒತ್ತಿದಷ್ಟೇ ಒತ್ತಿಸಿಕೊಳ್ಳುತ್ತದೆ. ಸಸ್ಪೆನ್ಷನ್‌ನಲ್ಲಿ ಹಠಾತ್ತಾಗಿ ವರ್ತಿಸುವ ವಸ್ತು ಬಂಪ್ ಸ್ಟಾಪ್. ಶಾಕ್‌ನ ದಂಡದ ಮೇಲ್ತುದಿಯಲ್ಲಿ ಕೂತ ಸ್ಪಂಜಿನಂಥ ತುಂಡು ಅದು, ಶಾಕ್ ಪೂರ್ತಿ ಕುಗ್ಗಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುತ್ತದೆ.

ಕಾರನ್ನು ಅತಿಯಾಗಿ ತಗ್ಗಿಸಿದಾಗ ನಿಂತಲ್ಲೇ ಶಾಕ್‌ನ ಮುಕ್ತ ಓಟದ (ಸ್ಟಾಪಿಗೆ ತಾಗುವ ಮೊದಲು ಕುಗ್ಗಬಲ್ಲ ದೂರದ) ಹೆಚ್ಚಿನ ಪಾಲು ಮುಗಿದಿರುತ್ತದೆ. ತಿರುವಿನಲ್ಲಿ ಮೈ ವಾಲಿದಾಗ ಹೊರಗಿನ ಶಾಕ್ ಬಂಪ್ ಸ್ಟಾಪಿಗೆ ತಾಗುತ್ತದೆ. ಆ ಕ್ಷಣದಲ್ಲಿ ಆ ಮೂಲೆಯ ಬಿಗಿತ ಕೆಲವು ಪಟ್ಟು ಏರುತ್ತದೆ, ವಾಲುವ ಭಾರವನ್ನು ಆ ತುದಿಯೇ ಹೆಚ್ಚಾಗಿ ಹೊರಬೇಕಾಗುತ್ತದೆ, ಹೊರಗಿನ ಟೈರು ಸೋಲುತ್ತದೆ. ಹಿಂದಿನ ಸ್ಟಾಪ್ ತಾಗಿದರೆ ಓವರ್‌ಸ್ಟಿಯರ್, ಮುಂದಿನದು ತಾಗಿದರೆ ಅಂಡರ್‌ಸ್ಟಿಯರ್. ಹಿಂಭಾಗಕ್ಕೆ ದಪ್ಪ ಸ್ಪ್ರಿಂಗ್ ಹಾಕಿ ಅದನ್ನು ತಿರುವಿನ ನಡುವೆಯೇ ಜೋಡಿಸಿದ ಹಾಗೆ.

ಇದನ್ನು ಖಚಿತಪಡಿಸಿಕೊಳ್ಳಲು ಬೇಕಾದದ್ದು ಒಂದು ಪ್ಲಾಸ್ಟಿಕ್ ಕೇಬಲ್ ಟೈ. ಶಾಕ್‌ನ ಧೂಳುತಡೆಯನ್ನು ಮೇಲಕ್ಕೆ ಸರಿಸಿ, ದಂಡಕ್ಕೆ ಟೈ ಸುತ್ತಿ ಬಿಗಿಯಿರಿ, ಕೈಯಿಂದ ತಳ್ಳಿದರೆ ಸರಿಯಬೇಕು, ತಾನಾಗಿ ಬೀಳಬಾರದು. ಅದನ್ನು ಕೆಳಗೆ ಶಾಕ್‌ನ ಕೊಳವೆಗೆ ತಾಗಿಸಿ ಇಡಿ. ಓಡುವಾಗ ಕೊಳವೆ ಎಷ್ಟು ಮೇಲೇರುತ್ತದೋ ಟೈಯನ್ನು ಅಷ್ಟು ಮೇಲಕ್ಕೆ ತಳ್ಳಿ ಅಲ್ಲೇ ಬಿಟ್ಟುಬರುತ್ತದೆ. ನಾಲ್ಕೂ ಶಾಕ್‌ಗೆ ಕಟ್ಟಿ ಐದು ಸುತ್ತು ಓಡಿಸಿದೆ. ಮುಂದಿನ ಎರಡರಲ್ಲಿ ಟೈಗೂ ಬಂಪ್ ಸ್ಟಾಪಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿದಿತ್ತು. ಹಿಂದಿನ ಎರಡರಲ್ಲಿ ಟೈ ಬಂಪ್ ಸ್ಟಾಪಿನ ಒಳಗೆ ಹೂತುಹೋಗಿತ್ತು. ಎಡಗಡೆಯದನ್ನು ಇಕ್ಕಳದಿಂದ ಕಿತ್ತಾಗ ಸ್ಪಂಜಿನ ತಳದಲ್ಲಿ ಅದರ ಅಚ್ಚು ಸ್ಪಷ್ಟವಾಗಿ ಕಂಡಿತು, ಪಕ್ಕದಲ್ಲಿ ಹಳೆಯ ಬಿರುಕೂ ಇತ್ತು. ಕಾರು ನೆಲದ ಮೇಲೆ ನಿಂತಾಗ ಕೊಳವೆಗೂ ಸ್ಟಾಪಿಗೂ ಅಂತರ ಅಳೆದೆ: 14 ಮಿ.ಮೀ. ಅಷ್ಟೇ ಜಾಗದಲ್ಲಿ ಆ ಕಾರು ತಿರುವು ಹೊಡೆಯಬೇಕಿತ್ತು.

ಸರಿಪಡಿಸಿದ್ದು

ಹಿಂಭಾಗದಲ್ಲಿ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿಗೆ 316 ಮಿ.ಮೀ. ಇತ್ತು. ಸ್ಪ್ರಿಂಗಿನ ಕೆಳಬಟ್ಟಲನ್ನು ತಿರುಗಿಸಿ 332ಕ್ಕೆ ಎತ್ತಿದೆ, ಮುಂಭಾಗವನ್ನೂ ಅದಕ್ಕೆ ಹೊಂದಿಸಿದೆ. ಕಾಯಿಲ್‌ಓವರ್‌ಗಳಲ್ಲಿ ಎರಡು ಬಗೆ ಇದೆ ಎಂಬುದನ್ನು ಗಮನಿಸಿ. ನನ್ನದರಲ್ಲಿ ಬಟ್ಟಲು ಮಾತ್ರ ಸರಿಯುತ್ತದೆ, ಹಾಗಾಗಿ ಎತ್ತಿದಷ್ಟೂ ಮುಕ್ತ ಓಟ ಹೆಚ್ಚುತ್ತದೆ. ಶಾಕ್‌ನ ಕೆಳಗಿನ ಕಾಲೇ ಉದ್ದವಾಗುವ ಬಗೆಯಲ್ಲಿ ಕಾಲನ್ನು ಬದಲಿಸಿ ಎತ್ತರ ಹೆಚ್ಚಿಸಿದರೆ ಅಂತರ ಹಾಗೇ ಉಳಿಯುತ್ತದೆ. ಚಕ್ರ ಏರುವಷ್ಟು ಶಾಕ್ ಕುಗ್ಗುವುದಿಲ್ಲವಾದ್ದರಿಂದ ನನಗೆ ಸಿಕ್ಕ ಹೆಚ್ಚುವರಿ ಜಾಗ ಸುಮಾರು 12 ಮಿ.ಮೀ. ಬಿರಿದ ಸ್ಟಾಪ್‌ಗಳನ್ನು ತೆಗೆದು ಹೊಸದಾಗಿ, ತುದಿ ಚೂಪಾಗಿರುವ, ಮೊದಲು ಮೆತ್ತಗೆ ತಾಗಿ ಆಮೇಲೆ ಗಟ್ಟಿಯಾಗುವ ಬಗೆಯವನ್ನು ಹಾಕಿದೆ. ಬಂಪ್ ಸ್ಟಾಪನ್ನು ಕಿತ್ತು ಬರಿದಾಗಿ ಓಡಿಸಲು ಹೇಳುವವರಿದ್ದಾರೆ. ಮಾಡಬೇಡಿ, ಶಾಕ್‌ನ ಒಳಗಿನ ಪಿಸ್ಟನ್ ಮತ್ತು ಕವಾಟಗಳು ಅದರ ಬೆಲೆ ತೆರುತ್ತವೆ. ಇನ್ನೂ ಜಾಗ ಬೇಕಿದ್ದರೆ ಈ ಕಾರಿನ ಎರಡನೆಯ ಪೀಳಿಗೆಯ ಶಾಕ್ ಮೇಲ್ಮುಚ್ಚಳಗಳು ಮೊದಲ ಪೀಳಿಗೆಗೂ ಕೂರುತ್ತವೆ, ಅವುಗಳಿಂದ ಓಟ ಹೆಚ್ಚುತ್ತದೆ. ಎತ್ತರ ಬದಲಾದರೆ ಕ್ಯಾಂಬರ್, ಟೋ ಎಲ್ಲವೂ ಬದಲಾಗುತ್ತವೆ, ದಾರವನ್ನು ಮತ್ತೆ ಕಟ್ಟಲೇಬೇಕು.

ಬೆಂಗಳೂರಿನಲ್ಲಿ ಸ್ವಿಫ್ಟ್, ಪೋಲೊಗಳನ್ನು ತಗ್ಗಿಸಿ ಇರುಂಗಾಟ್ಟುಕೋಟೈಯ ಇಲ್ಲವೇ ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಒಯ್ಯುವ ಗೆಳೆಯರಿಗೂ ಕೇಬಲ್ ಟೈ ಪರೀಕ್ಷೆ ಹಾಗೇ ಒಪ್ಪುತ್ತದೆ. ಆ ಕಾರುಗಳ ಹಿಂದಿನ ಟಾರ್ಷನ್ ಬೀಮಿನಲ್ಲಿ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ತೊಲೆಯಲ್ಲಿ) ಟೋ ಬದಲಿಸುವ ಬೋಲ್ಟುಗಳಿಲ್ಲ, ಮುಂದಿನ ಚಕ್ರಗಳಿಗೆ ಚಾಲನೆ ಇರುವುದರಿಂದ ಕಾಣುವ ದೋಷ ಬಹುಪಾಲು ಅಂಡರ್‌ಸ್ಟಿಯರ್. ದಪ್ಪನೆಯ ಹಿಂದಿನ ಬಾರ್ ಕೊಳ್ಳುವ ಮೊದಲು ಮುಂದಿನ ಬಂಪ್ ಸ್ಟಾಪಿನ ಅಚ್ಚು ನೋಡಿ. ಉಬ್ಬುಗಳ ಮೇಲೆ ದಿನವೂ ಓಡುವ ತಗ್ಗಿಸಿದ ಕಾರಿನಲ್ಲಿ ಅದು ಅರೆಬರೆ ಹರಿದಿರುವ ಸಾಧ್ಯತೆಯೇ ಹೆಚ್ಚು.

ಈಗ ಟ್ಯೂನಿಂಗ್

ಒಂದು ಲೆಕ್ಕ ತಲೆಯಲ್ಲಿರಲಿ. 1,000 ಕಿಲೋ ಕಾರು, ಗುರುತ್ವಕೇಂದ್ರ ನೆಲದಿಂದ 45 ಸೆಂ.ಮೀ. ಮೇಲೆ, ಚಕ್ರಗಳ ನಡುವೆ 1.4 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಒಂದು ಜಿ (ಗುರುತ್ವಾಕರ್ಷಣೆಯಷ್ಟೇ) ವೇಗೋತ್ಕರ್ಷದಲ್ಲಿ ತಿರುಗಿದರೆ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸುಮಾರು 320 ಕಿಲೋ ಭಾರ ಸರಿಯುತ್ತದೆ. ಯಾವ ಸ್ಪ್ರಿಂಗ್, ಯಾವ ಬಾರ್ ಹಾಕಿದರೂ ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕೈಯಲ್ಲಿರುವುದು ಅದನ್ನು ಮುಂದಕ್ಕೆಷ್ಟು ಹಿಂದಕ್ಕೆಷ್ಟು ಎಂದು ಹಂಚುವುದು. ಬಿಗಿಯಾದ ತುದಿ ಹೆಚ್ಚು ಪಾಲು ತೆಗೆದುಕೊಂಡು ಮೊದಲು ಹಿಡಿತ ಕಳೆದುಕೊಳ್ಳುತ್ತದೆ, ಏಕೆಂದರೆ ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ.

ದೋಷಗಳು ಹೋದ ಮೇಲೆ ನನ್ನ ಕಾರು ನಡುಘಟ್ಟದಲ್ಲಿ ಲಘುವಾಗಿ ಅಂಡರ್‌ಸ್ಟಿಯರ್ ತೋರಿಸಿತು. ಇದು ಹಿತವಾದ ಸಮಸ್ಯೆ. ಹಿಂದಿನ ಬಾರ್ ದಪ್ಪ ಮಾಡುವ ದಾರಿಯಿತ್ತು, ಆದರೆ ನನ್ನದು ತೆರೆದ ಡಿಫರೆನ್ಷಿಯಲ್, ಹಗುರಾದ ಚಕ್ರ ಸುಮ್ಮನೆ ತಿರುಗುವುದನ್ನು ಅದು ತಡೆಯುವುದಿಲ್ಲ. ಹಿಂದೆ ಬಾರ್ ಬಿಗಿಯಾದಷ್ಟೂ ಒಳಚಕ್ರ ಹಗುರವಾಗಿ ತಿರುವಿನ ಕೊನೆಯಲ್ಲಿ ಸುಮ್ಮನೆ ಗಿರಕಿ ಹೊಡೆಯುತ್ತದೆ. ಆದ್ದರಿಂದ ಮುಂದಿನ ಹಿಡಿತವನ್ನೇ ಹೆಚ್ಚಿಸಿದೆ: ಮುಂದೆ ಕ್ಯಾಂಬರನ್ನು ಮೈನಸ್ 1.2ರಿಂದ ಮೈನಸ್ 1.8 ಡಿಗ್ರಿಗೆ ಒಯ್ದೆ, ಟೋ ಸೊನ್ನೆ. ಹಿಂದೆ ಕ್ಯಾಂಬರ್ ಮೈನಸ್ 2, ಪ್ರತಿ ಚಕ್ರಕ್ಕೆ 1 ಮಿ.ಮೀ. ಟೋ ಇನ್. ಕ್ಯಾಂಬರ್ ನೋಡಲು ರಿಮ್ಮಿಗೆ ನೇರ ಪಟ್ಟಿ ಒತ್ತಿ ಅದರ ಮೇಲೆ ಮೊಬೈಲಿನ ಕೋನಮಾಪಕ ಇಟ್ಟರೆ ಸಾಕು, ನೆಲ ಮಟ್ಟವಾಗಿದೆಯೇ ಎಂಬುದನ್ನು ಮೊದಲು ಅದೇ ಮೊಬೈಲಿನಿಂದ ಪರೀಕ್ಷಿಸಿ.

ಕಳೆದ ಸಲ ಓಡಿಸಿ ಬಂದು ಅಳೆದಾಗ ಹಿಂದಿನ ಎಡ ಶಾಕ್‌ನಲ್ಲಿ ಕೇಬಲ್ ಟೈಗೂ ಬಂಪ್ ಸ್ಟಾಪಿಗೂ ನಡುವೆ 5 ಮಿ.ಮೀ. ಉಳಿದಿತ್ತು, ಬಲದಲ್ಲಿ 8. ಮುಂದಿನ ಎಡ ಟೈರಿನ ಹೊರಅಂಚು ಒಳಅಂಚಿಗಿಂತ ಇನ್ನೂ 3 ಡಿಗ್ರಿ ಬಿಸಿಯಿದೆ. ಕೇಬಲ್ ಟೈಗಳನ್ನು ಬಿಚ್ಚಿಲ್ಲ. ಮುಂದಿನ ಓಟಕ್ಕೆ ಮುಂಭಾಗದ ಕ್ಯಾಂಬರನ್ನು ಇನ್ನೊಂದು ಕಾಲು ಡಿಗ್ರಿ ಹೆಚ್ಚಿಸುತ್ತೇನೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ.